ಮೊಟಕು ಕೋಟು

ನಮ್ಮ ಮನೆಯಲ್ಲಿ ಅಕ್ಕನಿಗೆ ಆಗುವಂಥ ಉದ್ದದ ಕೋಟು ಒಂದೂ ಉಳಿದಿರಲಿಲ್ಲ. ಎಲ್ಲವನ್ನೂ ಅಮ್ಮ ಸೊಂಟದ ಮಟ್ಟಕ್ಕೆ ಕತ್ತರಿಸಿ, ಅಂಚು ಮಡಚಿ ಹೊಲಿದಿದ್ದಳು. ಉಣ್ಣೆಯ ಸ್ವೆಟರುಗಳ ಅಂಚು ಬಿಚ್ಚಿ ಮೇಲಕ್ಕೆ ಹೆಣೆದಿದ್ದಳು. ಮಳೆಗೆ ಹಾಕುವ ಹಳದಿ ಕೋಟನ್ನೂ ಬಿಟ್ಟಿರಲಿಲ್ಲ. ಉಳಿದ ಚೂರುಗಳನ್ನೆಲ್ಲ ಪಟ್ಟಿಪಟ್ಟಿಯಾಗಿ ಸೀಳಿ, ನೇಯ್ದು, ಒಂದು ಕಾಲೊರಸು ಮಾಡಿ ಬಾಗಿಲ ಬಳಿ ಹಾಸಿದ್ದಳು. ಆ ಚಳಿಗಾಲ ನಾವು ಅಕ್ಕನ ಕೋಟುಗಳ ಮೇಲೆಯೇ ಬೂಟಿನ ಹಿಮ ಒರೆಸಿ ಒಳಗೆ ಬರುತ್ತಿದ್ದೆವು.

ಕಾರಣ ಅಕ್ಕನ ಸೊಂಟದ ಪಿಸ್ತೂಲು. ಅದು ಅಪ್ಪನದು, ಅವನು ತೀರಿಹೋದ ಮೇಲೆ ಅಕ್ಕನ ಹೆಸರಿಗೆ ದಾಖಲಾಗಿತ್ತು. ನಮ್ಮ ಮಿಶಿಗನ್ನಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಸೊಂಟಕ್ಕೆ ಕಟ್ಟಿಕೊಂಡು ಓಡಾಡುವುದಕ್ಕೆ ಯಾರ ಅಪ್ಪಣೆಯೂ ಬೇಡ. ಆದರೆ ಮೇಲೆ ಬಟ್ಟೆ ಬಿತ್ತೋ, ಅದು ಅಡಗಿಸಿಟ್ಟ ಆಯುಧ. ಅದಕ್ಕೆ ಬೇರೆಯೇ ಪರವಾನಗಿ ಬೇಕು, ಇಲ್ಲದಿದ್ದರೆ ಜೈಲು. ಕಾರಿನೊಳಗೆ ಕೂತರೂ ಅಡಗಿಸಿಟ್ಟ ಹಾಗೆಯೇ. ಆದ್ದರಿಂದ ಅಕ್ಕ ಎಲ್ಲಿಗೆ ಹೋದರೂ ನಡೆದೇ ಹೋಗುತ್ತಿದ್ದಳು, ಹಿಮ ಮೊಣಕಾಲಿಗೆ ಬಂದಿದ್ದರೂ.

ಆ ಪರವಾನಗಿ ಅಕ್ಕನಿಗೆ ಸಿಗುವಂತಿರಲಿಲ್ಲ. ಅವಳ ಹೆಸರಿನಲ್ಲಿ ಒಂದು ಕೇಸು ಇತ್ತು: ಗಂಡ ಗಾರ್ಥ್ ಪೆನ್ಹೇಲ್‌ನ ಟ್ರಕ್ಕಿನ ಮುಂದಿನ ಗಾಜನ್ನು ಕೊಡಲಿಯಿಂದ ಒಡೆದದ್ದು. ಅವಳು ಒಪ್ಪಿಕೊಂಡಳು, ದಂಡ ಕಟ್ಟಿದಳು. ಗಾಜು ಒಡೆಯುವ ಹಿಂದಿನ ದಿನ ಗಾರ್ಥ್ ಅವಳ ದವಡೆ ಮುರಿದಿದ್ದ. ಅದಕ್ಕೆ ಯಾರೂ ದಂಡ ಕಟ್ಟಲಿಲ್ಲ. ಅವನ ತಾಯಿ ವೆರ್ನಾ ಬೈಬಲ್ಲಿನ ಮೇಲೆ ಕೈಯಿಟ್ಟು, "ಉಗಿಸ್ನಾನದ ಸೌನಾ ಮನೆ ಮೆಟ್ಟಿಲ ಮೇಲೆ ಜಾರಿಬಿದ್ದಳು ಪಾಪ, ನನ್ನ ಕಣ್ಣಾರೆ ನೋಡ್ದೆ" ಎಂದಳು. ನ್ಯಾಯಾಧೀಶರು ನಂಬಿದರು. ಗಾರ್ಥ್ ನಮ್ಮ ಮನೆಯ ಹತ್ತಿರ ಸುಳಿಯಬಾರದೆಂದು ಆಜ್ಞೆ ಕೊಡಿ ಎಂದು ಬೇಡಿದ್ದಕ್ಕೆ ಸಾಕ್ಷಿ ಸಾಲದು ಎಂದರು. ಹೊರಗೆ ಬಂದಾಗ ಗಾರ್ಥ್ ನ್ಯಾಯಾಲಯದ ಕಂಬಕ್ಕೆ ಒರಗಿ ನಿಂತಿದ್ದ. ನಗುತ್ತಲೇ ಅಕ್ಕನಿಗೆ ಹೇಳಿದ:

"ಅವಸರ ಏನಿಲ್ಲ, ಐಲಾ. ಒಂದಿನ ನಾನೇ ನಿನ್ನ ಮನೆ ತನಕ ಬಿಟ್ಟು ಬರ್ತೀನಿ."

ಅದನ್ನು ಕೇಳಿದವರು ಅಮ್ಮ ಮತ್ತು ನಾನು ಮಾತ್ರ. ನಾವು ಅವಳ ಕಡೆಯವರು, ನಮ್ಮದು ಸಾಕ್ಷಿಯಲ್ಲ.

ಅದಾದ ಮೇಲೆ ಅವನು ಒಂದೇ ಸಲ ಬಂದ. ಅಂಗಳ ದಾಟಿ ಮೆಟ್ಟಿಲ ತನಕ ಬಂದು, ಬಾಗಿಲಲ್ಲಿ ನಿಂತ ಅಕ್ಕನ ಸೊಂಟ ನೋಡಿದ. ನೋಡುತ್ತಾ ನಿಂತ. ಆಮೇಲೆ ಹಿಮದ ಮೇಲೆ ಉಗುಳಿ ತಿರುಗಿ ಹೋದ. ಅವತ್ತಿನಿಂದ ಅಕ್ಕ ಪಿಸ್ತೂಲು ಬಿಚ್ಚುತ್ತಿದ್ದುದು ಮಲಗುವಾಗ ಮಾತ್ರ, ಆಗಲೂ ಅದು ದಿಂಬಿನ ಕೆಳಗೆ.

ಬೆಳಿಗ್ಗೆ ನಾವಿಬ್ಬರೂ ಒಟ್ಟಿಗೆ ಹೊರಡುತ್ತಿದ್ದೆವು. ಅವಳಿಗೆ ಬೆಸಿಯ ಅಂಗಡಿಯಲ್ಲಿ ಪಾಸ್ಟಿ ಮಾಡುವ ಕೆಲಸ. ಹಿಟ್ಟಿನ ಹಾಳೆಯೊಳಗೆ ದನದ ಮಾಂಸ, ಆಲೂಗಡ್ಡೆ, ಗೆಡ್ಡೆಕೋಸು ತುಂಬಿ ಅಂಚು ತಿರುಚುವುದರಲ್ಲಿ ನಮ್ಮೂರು ಆಲ್ಡರ್ ಬೇಯಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ನನಗೆ ಎದುರಿನ ಗ್ರಂಥಾಲಯದಲ್ಲಿ ಅರ್ಧ ದಿನದ ಕೆಲಸ. ಕಾಲೇಜು ಮುಗಿಸಿ ಬಂದವಳು ಬೇರೆ ಕಡೆ ಹೋಗಬಹುದಿತ್ತು. ಆದರೆ ಹೊಸ ಜಾಗದಲ್ಲಿ ಹೊಸಬರ ಜೊತೆ ಮಾತಾಡಬೇಕಲ್ಲ ಎಂದು ಇಲ್ಲೇ ಉಳಿದೆ. ನನಗೆ ಜನರ ಮುಖ ನೋಡಲು ಬಾರದು. ಕೈಗಳನ್ನು ನೋಡುತ್ತೇನೆ.

ಡೆಪ್ಯುಟಿ ಕರ್ಟಿಸ್ ಲಾಮೋಟ್‌ನ ಕೈ ಬಿಳಿ, ದಪ್ಪ. ಉಗುರುಗಳು ಹೆಂಗಸಿನವುಗಳಂತೆ ಚೊಕ್ಕ. ಶೆರೀಫನ ಪೊಲೀಸ್ ಕಚೇರಿಯ ಕಂದು ಸಮವಸ್ತ್ರ ಹಾಕುವ ಮೊದಲಿಂದಲೂ ಅವನು ಗಾರ್ಥ್‌ನ ಜೊತೆ ಪ್ರತಿ ನವೆಂಬರಿನಲ್ಲಿ ಕಾಡಿನ ಒಂದೇ ಗುಡಿಸಲಿನಲ್ಲಿದ್ದು ಜಿಂಕೆ ಬೇಟೆಯಾಡಿದವನು. ವೆರ್ನಾಳ ಮನೆ ನಮ್ಮ ದಾರಿಯ ಮೂಲೆಯಲ್ಲಿತ್ತು. ನಾವು ಅದನ್ನು ದಾಟಿದರೆ ಸಾಕು, ಪರದೆ ಅಲುಗಾಡುತ್ತಿತ್ತು. ಮುಂದಿನ ತಿರುವಿಗೆ ಬರುವಷ್ಟರಲ್ಲಿ ಕರ್ಟಿಸ್‌ನ ಕಾರು.

"ಏನಮ್ಮ ಬಂದೂಕಿನ ರಾಣಿ, ನಿಂತ್ಕೋ. ಕೈ ಕಾಣೋ ಹಾಗೆ."

ಅಕ್ಕ ನಿಂತಳು. ನಾನೂ ನಿಂತೆ.

"ಏನಾಯ್ತು?" ಅಂದಳು ಅಕ್ಕ.

"ಫೋನ್ ಬಂತು. ಬೀದೀಲಿ ಯಾರೋ ಹೆಂಗಸು ಬಂದೂಕು ಕಟ್ಕೊಂಡು ತಿರುಗ್ತಿದಾಳಂತೆ. ಜನ ಹೆದರ್ಕೊಂಡಿದಾರೆ."

"ಯಾವ ಜನ?"

"ಹೆದರ್ಕೊಂಡಿರೋ ಜನ."

"ವೆರ್ನಾ ಒಬ್ಬಳೇ ಯಾವಾಗಿಂದ ಜನ ಆದಳು?"

"ಬೆಳಿಗ್ಗೆ ಬೆಳಿಗ್ಗೆ ಬಾಯಿ ಚುರುಕಾಗಿದೆ. ದವಡೆ ಚೆನ್ನಾಗಿ ಕೂಡ್ಕೊಂಡಿದೆ ಅನ್ನು." ಅವನು ಕಾರಿಂದ ಇಳಿದ. "ಕೈಗವಸು ತೆಗಿ. ಆ ಕಂಬ ಹಿಡ್ಕೊಂಡು ನಿಲ್ಲು."

ಬೀದಿದೀಪದ ಕಬ್ಬಿಣದ ಕಂಬ ಅದು. ಜನವರಿಯಲ್ಲಿ ನಮ್ಮ ಕಡೆ ಕಬ್ಬಿಣ ಚರ್ಮವನ್ನು ಕಚ್ಚುತ್ತದೆ. ಅಕ್ಕ ಕೈಗವಸು ತೆಗೆದು ಹಲ್ಲಲ್ಲಿ ಕಚ್ಚಿಕೊಂಡು ಕಂಬ ಹಿಡಿದಳು. ಎಲ್ಲ ಮುಗಿಯುವ ತನಕ ಬಾಯಿ ಬಿಡಬಾರದು ಎಂದೇ ಅವಳು ಕೈಗವಸು ಕಚ್ಚಿಕೊಳ್ಳುತ್ತಿದ್ದಳು ಎಂದು ನನಗೆ ಅನ್ನಿಸುತ್ತಿತ್ತು. ಒಂದು ಮಾತು ಹೆಚ್ಚಾದರೆ ಗಲಾಟೆ ಮಾಡಿದ ಕೇಸು. ಅದನ್ನು ಹಾಕಿದರೆ ಪಿಸ್ತೂಲು ಅವನ ಕೈಗೆ.

ಕರ್ಟಿಸ್ ಪಿಸ್ತೂಲು ತೆಗೆದ. ಅದರ ನಂಬರನ್ನು ರೇಡಿಯೋದಲ್ಲಿ ಓದಿದ. ಅದೇ ನಂಬರನ್ನು ಆ ವಾರದಲ್ಲೇ ಎಷ್ಟೋ ಸಲ ಓದಿದ್ದವನು, ಪ್ರತಿ ಅಂಕಿಯನ್ನೂ ಹೊಸದೆಂಬಂತೆ ನಿಧಾನವಾಗಿ ಓದಿದ. ಉತ್ತರ ಬರುವ ತನಕ ಕಾಫಿ ಕುಡಿದ. ಆಮೇಲೆ ಗುಂಡುಗಳನ್ನು ಅಂಗೈಗೆ ಸುರಿದುಕೊಂಡು, ಕೈಯನ್ನು ಹಿಮದ ಗುಡ್ಡೆಯ ಮೇಲೆ ಚಾಚಿ, ಒಂದೊಂದೇ ಬೆರಳು ಬಿಡಿಸಿದ.

"ಅಯ್ಯೋ, ಜಾರ್ತಲ್ಲ."

ಗುಂಡುಗಳು ಸದ್ದಿಲ್ಲದೆ ಹಿಮದೊಳಗೆ ಹೋದವು. ಖಾಲಿ ಪಿಸ್ತೂಲನ್ನು ಅವನು ಅಕ್ಕನ ಬೆಲ್ಟಿಗೆ ಮತ್ತೆ ಸಿಕ್ಕಿಸಿದ.

"ಏನ್ ನೋಡ್ತೀಯ, ಕಾಲೇಜು?" ಅಂದ ನನಗೆ. ಅವನು ನನ್ನನ್ನು ಕರೆಯುತ್ತಿದ್ದದ್ದೇ ಹಾಗೆ. "ಹೆಕ್ಕು. ಓದಿದೀಯಲ್ಲ, ಹುಡುಕೋದು ಬರಬೇಕು ನಿಂಗೆ. ನಾಲಿಗೆ ಮನೇಲೇ ಬಿಟ್ಟು ಬಂದಿದೀಯ, ಕೈಯಾದ್ರೂ ತಂದಿದೀಯಲ್ಲ."

ನಾನು ಮಂಡಿಯೂರಿ ಹೆಕ್ಕಿದೆ. ಅಕ್ಕ ಕಂಬದಿಂದ ಕೈ ಬಿಡಿಸಿಕೊಂಡಳು. ಅಂಗೈಯ ತೆಳು ಚರ್ಮ ಸ್ವಲ್ಪ ಅಲ್ಲೇ ಉಳಿಯಿತು. ಕೈಗವಸನ್ನು ಬಾಯಿಂದ ತೆಗೆದು ಕೇಳಿದಳು:

"ನನ್ನನ್ನ ಹಿಡಿದಿಟ್ಟಿದೀರಾ, ಇಲ್ಲ ಹೋಗಬಹುದಾ?"

"ಹೋಗು, ಹೋಗು. ಯಾರು ಹಿಡಿದರು ನಿನ್ನ? ಸ್ವತಂತ್ರ ದೇಶ." ಅವನು ಅವಳ ಕೋಟಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು, ಬಟ್ಟೆ ಅಂಗಡಿಯಲ್ಲಿ ನೋಡುವ ಹಾಗೆ ನೋಡಿದ. "ನಿಮ್ಮಮ್ಮ ಹೊಲಿದಿದ್ದಾ? ಒಳ್ಳೆ ಕೈ. ಇನ್ನೊಂದು ಗೇಣು ಉದ್ದ ಬಿಟ್ಟಿದ್ದಿದ್ರೆ ಎಷ್ಟು ಬೆಚ್ಚಗಿರೋದು ನಿಂಗೆ. ನಂಗೂ ಕೆಲಸ ಹಗುರ ಆಗೋದು."

ಬೆಸಿಯ ಅಂಗಡಿಗೆ ತಡವಾಗಿ ಹೋದರೆ ಬೆಸಿ ಮುಖ ಗಂಟಿಕ್ಕುತ್ತಿದ್ದಳು, ಬೈಯುತ್ತಿರಲಿಲ್ಲ. ಬೈಯಲು ಊರವರಿದ್ದರು. ಅಲ್ಲಿ ಬೆಳಗಿನ ಕಾಫಿಗೆ ಕೂರುವ ಗಂಡಸರಲ್ಲಿ ಅರ್ಧ ಜನರ ಸೊಂಟದಲ್ಲಿ ಪಿಸ್ತೂಲಿರುತ್ತಿತ್ತು. ಕುರ್ಚಿಯ ಕೈಗೆ ತಾಗಿ ಟಕ್ ಟಕ್ ಅನ್ನುತ್ತಿತ್ತು. ಕರ್ಟಿಸ್ ಅವರ ನಡುವೆಯೇ ಕೂತು ಪಾಸ್ಟಿ ತಿನ್ನುತ್ತಿದ್ದ. ಯಾರ ನಂಬರನ್ನೂ ಓದುತ್ತಿರಲಿಲ್ಲ.

ಒಂದು ದಿನ ಬೆಸಿಯೇ ಕೇಳಿಬಿಟ್ಟಳು, "ಅಲ್ಲಯ್ಯ ಕರ್ಟಿಸ್, ಇವರದ್ದೆಲ್ಲ ಏನು, ಆಟದ ಸಾಮಾನಾ?"

ಉತ್ತರ ಕೊಟ್ಟದ್ದು ಕರ್ಟಿಸ್ ಅಲ್ಲ, ಮೂಲೆಯಲ್ಲಿದ್ದ ಮುದುಕ ಒರ್ವಿಲ್. "ನಮ್ಮದು ಜಿಂಕೆಗೆ, ಬೆಸಿ. ಅವಳದ್ದು ಗಂಡನಿಗೆ. ಗಂಡಂದಿರ ಬೇಟೆ ಸೀಸನ್ನು ಇನ್ನೂ ಶುರುವಾಗಿಲ್ಲ."

ಅಂಗಡಿಯೆಲ್ಲ ನಕ್ಕಿತು. ಬೆಸಿಯೂ ಬಾಯಿಗೆ ಏಪ್ರನ್ ಒತ್ತಿಕೊಂಡಳು. ಅಕ್ಕ ಹಿಟ್ಟು ನಾದುತ್ತಲೇ ಇದ್ದಳು. ಅಂಗೈಯ ಗಾಯದಿಂದ ಹಿಟ್ಟಿಗೆ ರಕ್ತ ಹತ್ತದಿರಲೆಂದು ಬಟ್ಟೆ ಸುತ್ತಿಕೊಂಡಿದ್ದಳು.

ಆ ತಿಂಗಳ ಕೊನೆಗೆ ಅಮ್ಮ ಹಾಸಿಗೆ ಹಿಡಿದಳು. ಶ್ವಾಸಕೋಶದ್ದು, ಮೊದಲೇ ಗೊತ್ತಿದ್ದದ್ದು. ಹಾಸಿಗೆಯಲ್ಲಿ ದಿಂಬಿಗೆ ಒರಗಿ ಕೂತು ಒಂದು ದಿನ, "ಬೀರುವಿಂದ ನನ್ನ ಕಪ್ಪು ಕೋಟು ತಾ, ಹೆಲ್ಮಿ" ಎಂದಳು ನನಗೆ. ಅದು ಅವಳ ಚರ್ಚಿನ ಕೋಟು. ಮದುವೆಯಾದಾಗಿನದು, ಪಾದ ಮುಟ್ಟುವಷ್ಟು ಉದ್ದ. ಕತ್ತರಿ ಕೈಗೆತ್ತಿಕೊಂಡದ್ದು ನೋಡಿ ಅಕ್ಕ ಓಡಿಬಂದಳು.

"ಅಮ್ಮ, ಅದು ಬೇಡ. ಅದು ನಿನ್ನ ಒಳ್ಳೇ ಕೋಟು."

"ನಾನೇನು ಪೆಟ್ಟಿಗೇಲಿ ಕೋಟು ಹಾಕ್ಕೊಂಡು ಮಲಗ್ತೀನಾ? ಅಲ್ಲಿ ಚಳಿ ಆಗಲ್ವಂತೆ."

"ಹಾಗೆಲ್ಲ ಮಾತಾಡಬೇಡ."

"ಮತ್ತೆ ಹೇಗೆ ಮಾತಾಡ್ಲಿ? ನನ್ನ ಮಣ್ಣಿಗೆ ನೀನು ಹಳದಿ ರೇನ್‌ಕೋಟು ಹಾಕ್ಕೊಂಡು ಬರ್ತೀಯಾ? ಜನ ಏನಂತಾರೆ." ಅವಳಿಗೆ ಉಸಿರು ಸಾಲುತ್ತಿರಲಿಲ್ಲ. ಒಂದು ಹೊಲಿಗೆ, ಒಂದು ಉಸಿರು. "ಮೇ ತಿಂಗಳಲ್ಲಿ ಸರೋವರದ ಕಡೆಯಿಂದ ಕೆಟ್ಟ ಗಾಳಿ ಬರುತ್ತೆ. ನನ್ನ ಗುಂಡಿ ಹತ್ರ ನಿಂತು ನಡುಗಬೇಡ. ಒಳಗೆ ಎರಡು ಪದರ ಉಣ್ಣೆ ಕೊಟ್ಟಿದೀನಿ."

ನಮ್ಮಲ್ಲಿ ಚಳಿಗಾಲದಲ್ಲಿ ಸತ್ತವರನ್ನು ಮೇ ತಿಂಗಳಲ್ಲೇ ಹೂಳುವುದು. ನೆಲ ಕಲ್ಲಾಗಿರುತ್ತದೆ, ಗುದ್ದಲಿ ಇಳಿಯುವುದಿಲ್ಲ. ಅಲ್ಲಿಯ ತನಕ ಪೆಟ್ಟಿಗೆಗಳು ಸ್ಮಶಾನದ ಕಲ್ಲುಕೋಣೆಯಲ್ಲಿ ಸಾಲಾಗಿ ಕಾಯುತ್ತವೆ. ಅಮ್ಮ ಫೆಬ್ರವರಿಯಲ್ಲಿ ಅಲ್ಲಿಗೆ ಹೋದಳು. ಕೋಟಿನ ಬಲಗಡೆಯ ಅಂಚಿನಲ್ಲಿ ಒಂದಿಷ್ಟು ಹೊಲಿಗೆ ಬಾಕಿ ಇತ್ತು. ಅದನ್ನು ನಾನು ಮುಗಿಸಿದೆ, ವಕ್ರವಾಗಿ.

ಮೇ ಬಂತು. ನೆಲ ಮೆತ್ತಗಾಯಿತು. ಅಮ್ಮನ ಸರದಿ ಬಂದ ದಿನ ಸರೋವರದ ಕಡೆಯಿಂದ ಅವಳು ಹೇಳಿದಂತೆಯೇ ಗಾಳಿ ಬಂತು. ಅರ್ಧ ಮಳೆ, ಅರ್ಧ ಹಿಮ, ಮುಖಕ್ಕೆ ಅಡ್ಡಡ್ಡ ಹೊಡೆಯುತ್ತಿತ್ತು. ಅಕ್ಕ ಕಪ್ಪು ಮೊಟಕು ಕೋಟು ಹಾಕಿಕೊಂಡು ಗುಂಡಿಯ ಪಕ್ಕ ನಿಂತಿದ್ದಳು. ಅದರ ಕೆಳಗೆ ಬೆಲ್ಟು, ಬೆಲ್ಟಿನಲ್ಲಿ ಪಿಸ್ತೂಲು, ಯಾರು ಬೇಕಾದರೂ ನೋಡುವಂತೆ. ಎರಡು ಪದರ ಉಣ್ಣೆ ಎದೆಗೆ ಸಾಕಾಗಿತ್ತು. ಸೊಂಟದಿಂದ ಕೆಳಗೆ ಒದ್ದೆ ಲಂಗ ಕಾಲಿಗೆ ಅಂಟಿಕೊಂಡು ಅವಳು ನಡುಗುತ್ತಿದ್ದಳು.

ಬಂದಿದ್ದವರು ಹತ್ತಿಪ್ಪತ್ತು ಜನ. ಚರ್ಚಿನ ಹಾಡಿನ ಗುಂಪಿನವರು, ಬೆಸಿ, ಪಾದ್ರಿ. ಗೇಟಿನ ಹೊರಗೆ ಕರ್ಟಿಸ್‌ನ ಕಾರು. ಅವನು ಟೋಪಿ ತೆಗೆದು ಎದೆಗೆ ಹಿಡಿದು ಗೇಟಿಗೆ ಒರಗಿ ನಿಂತಿದ್ದ. ಸತ್ತವರಿಗೆ ಗೌರವ ಕೊಡಲು ಬಂದಿದ್ದಾನೆ ಎಂದೇ ನಾನು ಅಂದುಕೊಂಡೆ. ಅವತ್ತು ನನಗೆ ಎಲ್ಲರ ಬಗ್ಗೆಯೂ ಒಳ್ಳೆಯದೇ ಅನ್ನಿಸುತ್ತಿತ್ತು, ಅಳು ಬಂದಾಗ ಹಾಗಾಗುತ್ತದೆ.

ಹಾಡು ಶುರುವಾದಾಗ ವೆರ್ನಾ ಬಂದಳು. ಅವಳೂ ಅಮ್ಮನೂ ಮೂವತ್ತು ವರ್ಷ ಚರ್ಚಿನ ಒಂದೇ ಸಾಲಿನಲ್ಲಿ ನಿಂತು ಹಾಡಿದವರು. ದೊಡ್ಡ ಬೂದು ಶಾಲು ಹೊದ್ದಿದ್ದಳು. ಮುಖ ಊದಿಕೊಂಡಿತ್ತು, ನಿಜವಾಗಿ ಅತ್ತಿದ್ದಳು, ಅದು ನಟನೆಯಲ್ಲ. ಸಾಲಿನಲ್ಲಿ ತನ್ನ ಜಾಗಕ್ಕೆ ಹೋಗಲಿಲ್ಲ. ನೇರ ಅಕ್ಕನ ಮುಂದೆ ಬಂದು ನಿಂತಳು.

"ಮೈಯೆಲ್ಲಾ ಐಸಾಗಿದೆಯಲ್ಲೇ ಮಗಳೇ."

ಅಕ್ಕ ಪೆಟ್ಟಿಗೆಯ ಕಡೆ ಮುಖ ತಿರುಗಿಸಿದಳು.

"ನಿಮ್ಮಮ್ಮ ನನ್ನ ಪಕ್ಕ ನಿಂತ್ಕೊಂಡ್ರೆ ನಂಗೆ ಸ್ವರ ತಪ್ತಾ ಇರ್ಲಿಲ್ಲ. ಇನ್ನು ತಪ್ಪುತ್ತೆ. ನಾನು ಪಾಪಿ, ಐಲಾ. ನೀನೇನೂ ಹೇಳಬೇಡ. ನಂಗೆ ಗೊತ್ತಿದೆ ನಾನು ಏನು ಮಾಡ್ದೆ ಅಂತ. ತಾಯಿ ಕಣೇ ನಾನು, ತಾಯಿ ಸುಳ್ಳು ಹೇಳ್ತಾಳೆ."

ಅಷ್ಟೇ ಸಾಕಾಯಿತು. ಆ ಸುಳ್ಳನ್ನು ಸುಳ್ಳು ಎಂದು ಆ ಊರಿನಲ್ಲಿ ಯಾರೂ ಅದುವರೆಗೆ ಹೇಳಿರಲಿಲ್ಲ. ಅಕ್ಕನ ಮುಖ ಮಗುವಿನ ಮುಖದಂತೆ ಮುದುಡಿತು. ವೆರ್ನಾ ಶಾಲನ್ನು ಬಿಚ್ಚಿ, ಅರ್ಧ ತನ್ನ ಮೇಲೆ ಉಳಿಸಿಕೊಂಡು ಅರ್ಧ ಅವಳ ಹೆಗಲಿಗೆ ಹಾಕಿ, ಅಪ್ಪಿಕೊಂಡಳು. ಅಕ್ಕ ಅವಳ ಕುತ್ತಿಗೆಯಲ್ಲಿ ಮುಖವಿಟ್ಟು ಬಿಕ್ಕಿದಳು. ಅಮ್ಮ ಸತ್ತ ಮೇಲೆ ಅವಳು ಅತ್ತದ್ದು ಅದೇ ಮೊದಲು. ನಾನು ಅದನ್ನು ನೋಡುತ್ತಾ, ಅಮ್ಮ ಇದ್ದಿದ್ದರೆ ಸಂತೋಷಪಡುತ್ತಿದ್ದಳು ಅಂದುಕೊಂಡೆ.

ಆಮೇಲೆ ವೆರ್ನಾಳ ಕೈ ಕಂಡಿತು. ಅದು ಅಕ್ಕನ ಬೆನ್ನು ಸವರುತ್ತಾ ಕೆಳಗೆ ಬಂತು. ಬಲ ಸೊಂಟದ ಹತ್ತಿರ ಶಾಲಿನ ಅಂಚನ್ನು ಹಿಡಿದು ಕೆಳಗೆಳೆಯಿತು. ಊಟದ ಮೇಜಿಗೆ ಬಟ್ಟೆ ಹಾಸಿ ಸುಕ್ಕು ತೆಗೆಯುತ್ತೇವಲ್ಲ, ಹಾಗೆ ಒಮ್ಮೆ ಸವರಿತು. ಇನ್ನೊಮ್ಮೆ ಸವರಿತು. ಆಗ ವೆರ್ನಾ ಅಕ್ಕನ ಹೆಗಲ ಮೇಲಿಂದ ತಲೆಯೆತ್ತಿ ಗೇಟಿನ ಕಡೆ ನೋಡಿದಳು.

ಕರ್ಟಿಸ್ ಟೋಪಿ ಹಾಕಿಕೊಂಡ.

ಅವನು ಬರುವ ಹೊತ್ತಿಗೆ ನಾನು ಅಕ್ಕನ ತೋಳು ಹಿಡಿದು ಎಳೆದಿದ್ದೆ, ಶಾಲು ಜಾರಿಸಿದ್ದೆ. ಅದರಿಂದ ಏನೂ ಆಗಲಿಲ್ಲ. ಅವನ ಎದೆಯ ಮೇಲಿನ ಕ್ಯಾಮೆರಾದ ಕೆಂಪು ದೀಪ ಮೊದಲೇ ಉರಿಯುತ್ತಿತ್ತು.

"ಕೈ ಹಿಂದೆ, ಐಲಾ. ಅಡಗಿಸಿಟ್ಟ ಆಯುಧ. ಇಷ್ಟು ಜನರ ಮಧ್ಯೆ, ಅದೂ ಸ್ಮಶಾನದಲ್ಲಿ. ನಾಚಿಕೆ ಆಗಬೇಕು."

ಅಕ್ಕ ಇನ್ನೂ ಅಳುತ್ತಿದ್ದಳು. ಏನಾಗುತ್ತಿದೆ ಎಂದು ಅವಳಿಗೆ ಅರ್ಥವಾದದ್ದು ಕೋಳ ಬಿದ್ದ ಮೇಲೆ. ಅವಳು ವೆರ್ನಾಳನ್ನು ನೋಡಿದಳು. ವೆರ್ನಾ ಮೂಗೊರೆಸಿಕೊಳ್ಳುತ್ತಿದ್ದಳು.

ಪಾದ್ರಿ ಪುಸ್ತಕ ಮುಚ್ಚಿ ಹೇಳಿದರು, "ಕರ್ಟಿಸ್, ಪೆಟ್ಟಿಗೆ ಇನ್ನೂ ಇಳಿಸಿಲ್ಲಪ್ಪ."

"ಇಳಿಸಿ ಫಾದರ್. ಬೇಡ ಅಂದೋರು ಯಾರು?"

"ಒಂದು ಹಿಡಿ ಮಣ್ಣು ಹಾಕಿ ಬರ್ತೀನಿ," ಅಂದಳು ಅಕ್ಕ. "ಆಮೇಲೆ ಎಲ್ಲಿಗೆ ಬೇಕಾದ್ರೂ ಬರ್ತೀನಿ."

"ಕೈ ಹಿಂದೆ ಕಟ್ಟಿದೆಯಲ್ಲಮ್ಮ. ಹೇಗೆ ಹಾಕ್ತೀಯ, ಬಾಯಲ್ಲಾ?"

ನನ್ನ ಬಾಯಿಂದ ಮಾತು ಹೊರಟಿತು. ಅಷ್ಟು ಜನರ ಮುಂದೆ ನಾನು ಮಾತಾಡಿದ್ದು ಅದೇ ಮೊದಲು. "ಅವಳು ಹೊದ್ಕೊಂಡಿದ್ದಲ್ಲ. ಅವರು ಹೊದಿಸಿದ್ದು. ಎಲ್ಲರೂ ನೋಡಿದಾರೆ."

"ಅರೆ, ಕಾಲೇಜು ಮಾತಾಡ್ತು!" ಕರ್ಟಿಸ್ ಸುತ್ತ ತಿರುಗಿ ಹಾಡಿನ ಗುಂಪಿನವರನ್ನು ನೋಡಿದ. "ಯಾರಾದ್ರೂ ನೋಡಿದ್ರಾ? ಬೆಸಿ, ನೀನು?"

ಬೆಸಿ ಛತ್ರಿಯನ್ನು ಸ್ವಲ್ಪ ಕೆಳಗೆ ಮಾಡಿಕೊಂಡಳು. ಅವಳ ಮುಖ ಕಾಣಲಿಲ್ಲ. "ಗಾಳಿ ಜೋರಿತ್ತು," ಅಂದಳು. "ಕಣ್ಣಿಗೆ ಹಿಮ ಹೊಡೀತಿತ್ತು."

ಕರ್ಟಿಸ್ ಶಾಲನ್ನೂ ಪ್ಲಾಸ್ಟಿಕ್ ಚೀಲಕ್ಕೆ ತುರುಕಲು ಹೋದಾಗ ವೆರ್ನಾಗೆ ಎಚ್ಚರವಾಯಿತು. "ಅದ್ಯಾಕೆ ತಗೋತೀಯೋ? ಅದು ನಂದು. ನಮ್ಮಮ್ಮ ನೇಯ್ದಿದ್ದು."

"ಸಾಕ್ಷಿ, ಆಂಟಿ."

"ಒಳ್ಳೆ ಶಾಲು ಕಣೋ ಅದು! ಮೊದಲೇ ಹೇಳಿದ್ದಿದ್ರೆ ಹಳೇದು ಹೊದ್ಕೊಂಡು ಬರ್ತಿದ್ದೆ."

ಅವಳು ಅದನ್ನು ಎಲ್ಲರ ಮುಂದೆ ಹೇಳಿದಳು. ಎಲ್ಲರೂ ಕೇಳಿದರು. ಅದೂ ಯಾರಿಗೂ ಕೇಳಿಸಲಿಲ್ಲ.

ಪೆಟ್ಟಿಗೆ ಇಳಿಸುವಾಗ ಹಗ್ಗ ಹಿಡಿದವರ ಹಿಂದೆ ನಾನೊಬ್ಬಳೇ ನಿಂತಿದ್ದೆ. ಎರಡು ಹಿಡಿ ಮಣ್ಣು ಹಾಕಿದೆ.

ಅಕ್ಕ ಜಾಮೀನಿನ ಮೇಲೆ ಮನೆಗೆ ಬಂದಳು. ಸರ್ಕಾರವೇ ಕೊಟ್ಟ ವಕೀಲ ಒಳ್ಳೆಯವನು, ಚಿಕ್ಕ ವಯಸ್ಸು, ಅವಸರದಲ್ಲಿದ್ದ. "ಈ ಕೇಸು ನಿಲ್ಲಲ್ಲಮ್ಮ. ಬೇಕು ಅಂತ ಮುಚ್ಚಿಟ್ಟಿದ್ದು ಅಂತ ಅವರು ತೋರಿಸಬೇಕು. ಎಲೆ ಉದುರೋ ಹೊತ್ತಿಗೆ ಬಿದ್ದು ಹೋಗುತ್ತೆ ನೋಡಿ," ಅಂದ. ಅಲ್ಲಿಯ ತನಕ ನ್ಯಾಯಾಧೀಶರ ಷರತ್ತು: ಅವಳ ಕೈಯಲ್ಲಿ, ಅವಳಿರುವ ಮನೆಯಲ್ಲಿ, ಯಾವ ಆಯುಧವೂ ಇರಕೂಡದು.

"ಅಲ್ಲಿ ತನಕ ಅವನು ಬಂದ್ರೆ?" ಅಂದಳು ಅಕ್ಕ.

"ಯಾರು?"

"ಗಾರ್ಥ್."

"ಪೊಲೀಸರಿದಾರಲ್ಲ," ಅಂದ ವಕೀಲ. ತಮಾಷೆಗೆ ಹೇಳಿದ್ದಲ್ಲ. ಅವನು ಬೇರೆ ಊರಿನವನು.

ಕರ್ಟಿಸ್ ಬಂದು ಮನೆ ಹುಡುಕಿದ. ಅಪ್ಪನ ಜಿಂಕೆ ಬಂದೂಕು ತೆಗೆದುಕೊಂಡು ಹೋದ. ಹೋಗುವಾಗ ಬಾಗಿಲ ಬಳಿಯ ಕಾಲೊರಸಿನ ಮೇಲೆ ಬೂಟು ಚೆನ್ನಾಗಿ ಉಜ್ಜಿದ.

ಇನ್ನು ನಡೆಯಬೇಕಾಗಿಲ್ಲವಲ್ಲ ಎಂದು ನಾನು ಅಮ್ಮನ ಹಳೆಯ ಕಾರನ್ನು ಹೊರಗೆ ತಂದೆ. ಎರಡು ದಿನ ಅದರಲ್ಲಿ ಹೋದೆವು. ಮೂರನೆಯ ದಿನ ನಾಲ್ಕೂ ಟೈರು ಸೀಳಿಹೋಗಿದ್ದವು. ನಾನು ಫೋನ್ ಮಾಡಿದೆ, ಕರ್ಟಿಸ್ ಬಂದು ಬಗ್ಗಿ ನೋಡಿ, "ಮುಳ್ಳುಹಂದಿ," ಅಂದ. "ಈ ವರ್ಷ ಜಾಸ್ತಿ ಆಗಿದಾವೆ. ರಬ್ಬರು ಅಂದ್ರೆ ಪ್ರಾಣ ಅವಕ್ಕೆ."

ಜೂನ್ ತಿಂಗಳ ಒಂದು ಮಧ್ಯಾಹ್ನ ಗ್ರಂಥಾಲಯದ ಕಿಟಕಿಯಿಂದ ಗಾರ್ಥ್‌ನನ್ನು ನೋಡಿದೆ. ಬೆಸಿಯ ಅಂಗಡಿಯ ಎದುರಿನ ಬೆಂಚಿನಲ್ಲಿ ಕೂತಿದ್ದ. ಬಿಸಿಲಿತ್ತು, ಅಂಗಿಯನ್ನು ಪ್ಯಾಂಟಿನೊಳಗೆ ಅಚ್ಚುಕಟ್ಟಾಗಿ ಸಿಕ್ಕಿಸಿದ್ದ. ಹೊಸ ಬೆಲ್ಟು, ಹೊಸ ಚರ್ಮದ ಚೀಲ, ಅದರಲ್ಲಿ ಕಪ್ಪು ಪಿಸ್ತೂಲು. ಅವನು ಏನೂ ಮಾಡುತ್ತಿರಲಿಲ್ಲ. ಅಂಗಡಿಯ ಗಾಜಿನ ಬಾಗಿಲನ್ನು ನೋಡುತ್ತಿದ್ದ, ಅಷ್ಟೆ.

ಪುಸ್ತಕ ಕೇಳಲು ಬಂದವರಿಗೆ ಉತ್ತರ ಕೊಡದೆ ರಸ್ತೆ ದಾಟಿ ಓಡಿದೆ. ಅಕ್ಕ ಹಿಟ್ಟಿನ ಮೇಜಿನ ಹಿಂದೆ ನಿಂತಿದ್ದಳು. ಅವಳ ಬಲಗೈ ಸೊಂಟದ ಮೇಲಿತ್ತು, ಏನೂ ಇಲ್ಲದ ಜಾಗದಲ್ಲಿ.

"ಎಷ್ಟು ಹೊತ್ತಿಂದ?"

"ಊಟದ ಹೊತ್ತಿಂದ," ಅಂದಳು.

ಫೋನ್ ಮಾಡಿದ್ದು ನಾನೇ. ಬಂದೂಕು ಕಟ್ಟಿಕೊಂಡವನೊಬ್ಬ ಬೀದಿಯಲ್ಲಿದ್ದಾನೆ, ಜನ ಹೆದರಿಕೊಂಡಿದ್ದಾರೆ ಎಂದೆ. ವೆರ್ನಾ ಹೇಳುತ್ತಿದ್ದ ಮಾತುಗಳೇ ಅವು, ಬೇರೆ ಮಾತು ನನಗೆ ತೋಚಲಿಲ್ಲ.

ಕರ್ಟಿಸ್ ಬಂದ. ಕಾರಿಂದ ಇಳಿದು ಬೆಂಚಿನಲ್ಲಿ ಗಾರ್ಥ್‌ನ ಪಕ್ಕ ಕೂತು ಏನೋ ಮಾತಾಡಿದ, ಇಬ್ಬರೂ ನಕ್ಕರು. ಆಮೇಲೆ ಒಳಗೆ ಬಂದ.

"ಏನಂತೆ?"

"ಅವನ ಹತ್ರ ಬಂದೂಕಿದೆ," ಅಂದೆ.

"ಇದೆ. ನೋಡ್ದೆ. ಕಾಣ್ತಾ ಇದೆಯಲ್ಲ."

"ಅದರ ನಂಬರು ನೋಡಿದ್ರಾ? ಅವನ ಕೈಗೆ ಕಂಬ ಹಿಡಿಸಿದ್ರಾ?"

"ಕಾಲೇಜು, ಕಾನೂನು ಅಂತ ಒಂದಿದೆ. ಸುಮ್ನೆ ಕೂತಿರೋ ಮನುಷ್ಯನನ್ನ ಹಾಗೆಲ್ಲ ತಡೆಯೋಕಾಗಲ್ಲ. ಬೆಂಚು ಎಲ್ಲರದ್ದು. ಪಿಸ್ತೂಲು ಎಲ್ಲರಿಗೂ ಕಾಣೋ ಹಾಗಿದೆ." ಅವನು ಅಕ್ಕನ ಕಡೆ ತಿರುಗಿದ. "ಇದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಐಲಾ? ಒಂದು ಪಾಸ್ಟಿ ಕಟ್ಟಿಕೊಡು. ಗ್ರೇವಿ ಬೇಡ."

ಅಕ್ಕ ಕಟ್ಟಿಕೊಟ್ಟಳು.

ಸಂಜೆ ಮುಚ್ಚುವ ಹೊತ್ತಿಗೆ ನಾನು ಬೆಸಿಯನ್ನು ಕೇಳಿದೆ. ನಿಮ್ಮ ಕಾರಿನಲ್ಲಿ ಮನೆ ತನಕ ಬಿಡುತ್ತೀರಾ, ಇವತ್ತು ಒಂದು ದಿನ. ಬೆಸಿ ಒಲೆ ಒರೆಸುತ್ತಿದ್ದಳು. ಒರೆಸಿದ ಜಾಗವನ್ನೇ ಮತ್ತೆ ಒರೆಸಿದಳು.

"ನಂದು ಗಾಜಿನ ಬಾಗಿಲು ಕಣೇ ಹೆಲ್ಮಿ," ಅಂದಳು. "ನಂಗೂ ಈ ಊರಲ್ಲೇ ಇರಬೇಕು."

ಅಷ್ಟರಲ್ಲಿ ಬಾಗಿಲ ಗಂಟೆ ಕಿಣಿಗುಟ್ಟಿತು. ಗಾರ್ಥ್ ಒಳಗೆ ಬಂದು ಟೋಪಿ ತೆಗೆದ. ಅವನ ಕೈಗಳು ಶುಭ್ರವಾಗಿದ್ದವು, ಸೋಪಿನ ವಾಸನೆ ಬರುತ್ತಿತ್ತು. ಚರ್ಚಿಗೆ ಹೊರಟವನ ಹಾಗೆ ಕೂದಲು ಬಾಚಿದ್ದ.

"ಆಯ್ತಾ ಕೆಲಸ?" ಅಂದ ಅಕ್ಕನಿಗೆ. ಮೊದಲು ಮದುವೆಯ ಹೊಸದರಲ್ಲಿ ಹೀಗೆಯೇ ಬಂದು ಕೇಳುತ್ತಿದ್ದ. "ಬಾ. ಬಿಟ್ಟು ಬರ್ತೀನಿ ಅಂದಿದ್ನಲ್ಲ."

"ಬೇಡ," ಅಂದಳು ಅಕ್ಕ.

"ಟ್ರಕ್ಕು ತಂದಿಲ್ಲ, ಹೆದರಬೇಡ. ನಡ್ಕೊಂಡೇ ಹೋಗೋಣ. ಕಾರಲ್ಲಿ ಕೂತ್ರೆ ಇದು ಅಡಗಿಸಿಟ್ಟ ಹಾಗಾಗುತ್ತಲ್ಲ." ಅವನು ಸೊಂಟ ತಟ್ಟಿಕೊಂಡ. "ನಾನು ಕಾನೂನು ಮೀರೋನಲ್ಲ."

ಬೆಸಿ ದೀಪ ಆರಿಸಿದಳು. ನಮ್ಮನ್ನು ಹೊರಗೆ ಬಿಟ್ಟು ಒಳಗಿಂದ ಚಿಲಕ ಹಾಕಿಕೊಂಡಳು.

ಜೂನಿನಲ್ಲಿ ನಮ್ಮ ಕಡೆ ಬೆಳಕು ಬೇಗ ಹೋಗುವುದಿಲ್ಲ. ಬೀದಿಯೆಲ್ಲ ಹೊಂಬಿಸಿಲು. ಜನ ಹುಲ್ಲು ಕತ್ತರಿಸುತ್ತಿದ್ದರು, ಅಂಗಳದಲ್ಲಿ ಮಾಂಸ ಸುಡುತ್ತಿದ್ದರು. ನಾನು ಅಕ್ಕನ ಕೈ ಹಿಡಿದುಕೊಂಡೆ. ಚಿಕ್ಕವಳಾಗಿದ್ದಾಗ ಹಿಡಿಯುತ್ತಿದ್ದ ಹಾಗೆ, ಎರಡು ಬೆರಳು ಮಾತ್ರ. ಗಾರ್ಥ್ ನಮ್ಮ ಹಿಂದೆ ಬರುತ್ತಿದ್ದ. ಅವಸರವಿಲ್ಲದ ಹೆಜ್ಜೆ. ಒರ್ವಿಲ್ ಬೇಲಿಯ ಹಿಂದಿನಿಂದ, "ಒಳ್ಳೇ ಸಂಜೆ, ಗಾರ್ಥ್," ಅಂದ. "ಹೌದು, ಒಳ್ಳೇ ಸಂಜೆ," ಅಂದ ಗಾರ್ಥ್.

ಬೀದಿದೀಪದ ಕಂಬದ ಹತ್ತಿರ ಕರ್ಟಿಸ್‌ನ ಕಾರು ಎದುರಾಯಿತು. ನಿಧಾನವಾಯಿತು. ಗಾಜು ಕೆಳಗಿಳಿಯಿತು. ಅಕ್ಕ ನಿಂತಳು. ಅವಳು ಅವನ ಮುಖವನ್ನೇ ನೋಡಿದಳು.

"ಎಲ್ಲಾ ಸರಿನಾ?" ಅಂದ ಕರ್ಟಿಸ್, ನಮ್ಮ ತಲೆಯ ಮೇಲಿಂದ.

"ಎಲ್ಲಾ ಸರಿ," ಅಂದ ಗಾರ್ಥ್ ಹಿಂದಿನಿಂದ.

ಗಾಜು ಮೇಲೇರಿತು. ಕಾರು ಹೋಯಿತು. ವೆರ್ನಾಳ ಮನೆಯ ಪರದೆ ಅವತ್ತು ಅಲುಗಾಡಲಿಲ್ಲ. ಪೂರ್ತಿ ತೆರೆದೇ ಇತ್ತು. ಅದರಾಚೆ ಮನೆಗಳು ಮುಗಿಯುತ್ತವೆ, ನಮ್ಮ ಮನೆಯ ತನಕ ಬರೀ ಪೈನ್ ಮರಗಳು. ಅಕ್ಕ ನನ್ನ ಬೆರಳು ಬಿಡಿಸಿಕೊಂಡು, ನನ್ನನ್ನು ರಸ್ತೆಯ ಆಚೆ ಬದಿಗೆ ತಳ್ಳಿದಳು.

"ನೀನು ಮುಂದೆ ನಡಿ, ಹೆಲ್ಮಿ," ಅಂದಳು. "ತಿರುಗಿ ನೋಡಬೇಡ."